ಮೇವಿನ ನೆಲದಲ್ಲಿ ಸೀಸ: ಹಳೆಯ ಬ್ಯಾಟರಿಗಳಿಂದ ಕುರಿ–ದನಗಳಿಗೆ ಒದಗುವ ಅಪಾಯ

(ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಅಣಶಿಯ ಸುತ್ತಮುತ್ತ ಸೀಸದ ಗಣಿಯಿಲ್ಲ; ಸೀಸ ಕರಗಿಸುವ ಕಾರ್ಖಾನೆಯೂ ಇಲ್ಲ. 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಗಿ, 2007ರಲ್ಲಿ ದಾಂಡೇಲಿಯ ಅಭಯಾರಣ್ಯದೊಡನೆ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿ, 2015ರಿಂದ ಕಾಳಿ ನದಿಯ ಹೆಸರನ್ನು ಪಡೆದಿರುವ ಈ ಕಾಡಿನ ನಡುವೆ ವಿಷಲೋಹದ ಮಾತನ್ನೆತ್ತುವುದು ಮೊದಲ ಕೇಳ್ವಿಗೆ ಅಸಂಗತವೆನಿಸಬಹುದು. ಆದರೆ ಘಟ್ಟದ ಮೇಲಣ ಒಂಟಿಮನೆಗಳಿಗೂ ಮಜರೆಗಳಿಗೂ ಸೀಸವು ಬಹಳ ಹಿಂದೆಯೇ ಬಂದು ಸೇರಿದೆ. ಜನರೇ ಅದನ್ನು ಹಣ ಕೊಟ್ಟು ಕೊಂಡು, ಹೆಗಲ ಮೇಲೆ ಹೊತ್ತು, ಕಾಲುದಾರಿಯಲ್ಲಿ ಮನೆಗೆ ತಂದಿದ್ದಾರೆ. ಅದರ ಹೆಸರು ಬ್ಯಾಟರಿ.

ವಿದ್ಯುತ್ ತಂತಿ ತಲುಪದ ಅಥವಾ ತಲುಪಿದರೂ ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕತ್ತಲಾಗುವ ಮನೆಗಳಿಗೆ ಸೌರದೀಪವು ದೊಡ್ಡ ಉಪಕಾರವನ್ನು ಮಾಡಿದೆ. ಕಾಡುಹಂದಿ, ಕಾಡೆಮ್ಮೆ, ಆನೆಗಳಿಂದ ಗದ್ದೆ–ತೋಟಗಳನ್ನು ಉಳಿಸಿಕೊಳ್ಳಲು ಸೌರವಿದ್ಯುತ್ ಬೇಲಿ ಬಂದಿದೆ. ಅಡಿಕೆಗೆ, ಭತ್ತಕ್ಕೆ ಔಷಧಿ ಸಿಂಪಡಿಸುವ ಬೆನ್ನಿನ ಪಂಪಿನೊಳಗೂ ಒಂದು ಸಣ್ಣ ಬ್ಯಾಟರಿಯಿದೆ. ಟ್ರ್ಯಾಕ್ಟರು, ಜೀಪು, ಟೆಂಪೊಗಳ ಮಾತಂತೂ ಇದ್ದೇ ಇದೆ. ಇವುಗಳನ್ನು ಬೇಡವೆನ್ನುವುದು ಈ ಉಪನ್ಯಾಸದ ಉದ್ದೇಶವಲ್ಲ. ಬೇಡವೆನ್ನಲು ಯಾರಿಗೂ ಅಧಿಕಾರವೂ ಇಲ್ಲ. ಕೆಲವೇ ವರ್ಷಗಳಲ್ಲಿ ಬ್ಯಾಟರಿ ಸಾಯುತ್ತದೆ. ಸತ್ತ ಬ್ಯಾಟರಿ ಎಲ್ಲಿಗೆ ಹೋಗುತ್ತದೆ ಎಂಬುದಷ್ಟೇ ಇಲ್ಲಿಯ ಪ್ರಶ್ನೆ.

ಪೇಟೆಯಲ್ಲಿ ಈ ಪ್ರಶ್ನೆಗೆ ಉತ್ತರ ಸುಲಭ. ಸೀಸಕ್ಕೆ ಬೆಲೆಯಿದೆ, ಗುಜರಿಯವನು ತೂಕ ಮಾಡಿ ಹಣ ಕೊಡುತ್ತಾನೆ, ಅಂಗಡಿಯವನು ಹೊಸ ಬ್ಯಾಟರಿಯ ದರದಲ್ಲಿ ಮುರಿದುಕೊಳ್ಳುತ್ತಾನೆ. ಘಟ್ಟದ ಮಜರೆಯಲ್ಲಿ ಲೆಕ್ಕ ಬೇರೆಯಾಗುತ್ತದೆ. ಹದಿನೈದು–ಇಪ್ಪತ್ತು ಕಿಲೋ ತೂಕದ, ಆಮ್ಲ ಸೋರುವ ಪೆಟ್ಟಿಗೆಯನ್ನು ಹೊತ್ತು ಬಸ್ಸಿನ ದಾರಿಗೆ ಬರಬೇಕು. ಬಸ್ಸಿನಲ್ಲಿ ಏರಿಸಲು ನಿರ್ವಾಹಕರು ಒಪ್ಪಬೇಕು. ಒಂದು ದಿನದ ಕೂಲಿಯೂ ತಪ್ಪುತ್ತದೆ. ಪಂಪಿನ ಎರಡು–ಎರಡೂವರೆ ಕಿಲೋದ ಸಣ್ಣ ಬ್ಯಾಟರಿಗಾದರೆ ಗುಜರಿಯಲ್ಲಿ ಸಿಗುವ ಹಣ ಬಸ್ಸಿನ ಚಾರ್ಜಿಗೂ ಸಾಲದು. ಹೀಗಾಗಿ ಅದು ಕೊಟ್ಟಿಗೆಯ ಮೂಲೆಗೆ ಸೇರುತ್ತದೆ, ಅಲ್ಲಿಂದ ಬೇಲಿಯ ಬುಡಕ್ಕೆ, ಅಲ್ಲಿಂದ ಬೇಣದ ಅಂಚಿಗೆ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಒಂದೆರಡು ಮಳೆಗಾಲ ಕಳೆಯುವುದರೊಳಗೆ ಪ್ಲಾಸ್ಟಿಕ್ ಪೆಟ್ಟಿಗೆ ಬಿರಿದು, ಒಳಗಿನ ಫಲಕಗಳು ಹೊರಬಿದ್ದು, ಬೂದುಬಣ್ಣದ ಪುಡಿಯಾಗಿ ಹುಲ್ಲಿನ ಬುಡಕ್ಕೆ ಇಳಿದಿರುತ್ತವೆ.

ಆ ಪುಡಿಯ ಪ್ರಮಾಣ ಎಷ್ಟೆಂಬುದನ್ನು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಹಾಕದೆ ಹೋದರೆ ವಿಷಯದ ಗಾತ್ರ ಮನಸ್ಸಿಗೆ ಬಾರದು. ಸೀಸ–ಆಮ್ಲ ಬ್ಯಾಟರಿಯ ತೂಕದಲ್ಲಿ ಶೇಕಡಾ 60ರಷ್ಟು ಸೀಸ ಮತ್ತು ಅದರ ಸಂಯುಕ್ತಗಳೇ ಇರುತ್ತವೆ. ಹತ್ತು ಕಿಲೋದ ಬ್ಯಾಟರಿಯೆಂದರೆ ಆರು ಕಿಲೋ ಸೀಸ. ಒಂದು ಗುಂಟೆ ನೆಲದ ಮೇಲ್ಪದರವನ್ನು ಐದು ಸೆಂಟಿಮೀಟರ್ ಆಳದವರೆಗೆ ಹೆರೆದು ತೂಗಿದರೆ ಸುಮಾರು ಆರೂವರೆ ಟನ್ ಮಣ್ಣಾಗುತ್ತದೆ. ಆರು ಕಿಲೋ ಸೀಸವು ಅಷ್ಟು ಮಣ್ಣಿನಲ್ಲಿ ಬೆರೆತರೆ ಪ್ರತಿ ಕಿಲೋ ಮಣ್ಣಿಗೆ 900 ಮಿಲಿಗ್ರಾಮಿಗೂ ಹೆಚ್ಚು ಸೀಸ ಸೇರಿದಂತಾಗುತ್ತದೆ. ಮಲಿನಗೊಳ್ಳದ ಸಾಮಾನ್ಯ ಮಣ್ಣಿನಲ್ಲಿ ಇರುವುದು 10ರಿಂದ 50 ಮಿಲಿಗ್ರಾಂ ಮಾತ್ರ. ಅದೇ ಒಂದು ಬ್ಯಾಟರಿ ಹತ್ತು ಗುಂಟೆಗೆ ಹರಡಿಕೊಂಡರೂ 90 ಮಿಲಿಗ್ರಾಂ ಹೆಚ್ಚಾಗುತ್ತದೆ. ಗುಜರಿಯವನು ಬೇಡವೆಂದ ಪಂಪಿನ ಸಣ್ಣ ಬ್ಯಾಟರಿಯೊಂದು ಒಂದು ಗುಂಟೆಯ ಮಣ್ಣನ್ನು 200 ಮಿಲಿಗ್ರಾಮಿನ ಆಚೆ ಒಯ್ಯಬಲ್ಲದು.

ಮಲೆನಾಡಿನ ಮಳೆ ಎಲ್ಲವನ್ನೂ ತೊಳೆದುಕೊಂಡು ಹೋಗುತ್ತದೆಂಬ ನಂಬಿಕೆ ಸಾಮಾನ್ಯವಾಗಿದೆ. ಸೀಸದ ವಿಷಯದಲ್ಲಿ ಆ ನಂಬಿಕೆಗೆ ಆಧಾರವಿಲ್ಲ. ಉಪ್ಪು, ಸುಣ್ಣದಂತಹ ವಸ್ತುಗಳು ಮಳೆಯಲ್ಲಿ ಕರಗಿ ಇಳಿದುಹೋಗುವುದು ನಿಜ. ಆದುದರಿಂದಲೇ ಘಟ್ಟದ ಮಣ್ಣು ಹುಳಿ. ಆದರೆ ಜಂಬಿಟ್ಟಿಗೆ ಮಣ್ಣಿಗೆ ಕೆಂಪು ಬಣ್ಣ ಕೊಡುವ ಕಬ್ಬಿಣದ ಆಕ್ಸೈಡು ಸೀಸವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಕೊಳೆತ ಎಲೆಯ ಗೊಬ್ಬರದ ಅಂಶವೂ ಹಿಡಿದುಕೊಳ್ಳುತ್ತದೆ. ಹೀಗೆ ಹಿಡಿದ ಸೀಸವು ಮೇಲಿನ ಕೆಲವೇ ಸೆಂಟಿಮೀಟರುಗಳಲ್ಲಿ, ಎಂದರೆ ಹುಲ್ಲಿನ ಬೇರಿನ ಮಟ್ಟದಲ್ಲಿಯೇ, ತಲೆಮಾರುಗಳವರೆಗೆ ಉಳಿಯುತ್ತದೆ. ಇಳಿಜಾರಿನಲ್ಲಿ ಮಣ್ಣೇ ಕೊಚ್ಚಿಹೋದರೆ ಸೀಸವೂ ಅದರೊಡನೆ ಹೋಗಿ ಕೆಳಗಿನ ಗದ್ದೆಯಲ್ಲಿ, ಹಳ್ಳದ ಹೂಳಿನಲ್ಲಿ ನಿಲ್ಲುತ್ತದೆ. ಅದು ಸ್ಥಳ ಬದಲಿಸಿತೇ ಹೊರತು ಇಲ್ಲವಾಗಲಿಲ್ಲ.

ಹಾಗಾದರೆ ಸೀಸವು ಹುಲ್ಲಿನ ಮೂಲಕ ಪಶುವಿನ ಹೊಟ್ಟೆಯನ್ನು ಸೇರುತ್ತದೆಯೆ? ಬಹುಮಟ್ಟಿಗೆ ಇಲ್ಲ. ಹುಲ್ಲಿನ ಬೇರು ಹೀರಿದ ಸೀಸದಲ್ಲಿ ಎಲೆಗೆ ಏರುವ ಪಾಲು ಅತ್ಯಲ್ಪ. ಪಶುವು ಸೀಸವನ್ನು ತಿನ್ನುವುದು ಮಣ್ಣಿನ ರೂಪದಲ್ಲಿ. ಮಳೆಹನಿ ನೆಲಕ್ಕೆ ಬಡಿದಾಗ ಚಿಮ್ಮಿದ ಕೆಸರು ಎಲೆಯ ಕೆಳಭಾಗಕ್ಕೆ ಅಂಟುತ್ತದೆ. ಬೇಸಗೆಯಲ್ಲಿ ಧೂಳು ಕೂರುತ್ತದೆ. ಕಿತ್ತು ಮೇದಾಗ ಬೇರಿನೊಡನೆ ಮಣ್ಣಿನ ಹೆಂಟೆ ಬಾಯಿಗೆ ಬರುತ್ತದೆ. ಕುರಿಯ ಪ್ರಶ್ನೆ ವಿಶೇಷವಾಗುವುದು ಇಲ್ಲಿ. ದನವು ನಾಲಗೆಯಿಂದ ಹುಲ್ಲನ್ನು ಸುತ್ತಿ ಕೀಳುತ್ತದೆ; ಹುಲ್ಲು ತೀರ ಗಿಡ್ಡವಾದರೆ ಅದಕ್ಕೆ ನಿಲುಕದು. ಆಡು ತಲೆಯೆತ್ತಿ ಸೊಪ್ಪನ್ನು ಹುಡುಕುತ್ತದೆ. ಕುರಿಯಾದರೋ ಸೀಳಿದ ಮೇಲ್ತುಟಿಯಿಂದ ನೆಲಕ್ಕೆ ಹಲ್ಲು ತಾಗುವಂತೆ ಮೇಯುತ್ತದೆ. ಮೇಯುವ ಪ್ರಾಣಿಗಳ ಸಗಣಿ–ಹಿಕ್ಕೆಗಳನ್ನು ಪರೀಕ್ಷಿಸಿ ನಡೆಸಿದ ಬ್ರಿಟಿಷ್ ಅಧ್ಯಯನಗಳಲ್ಲಿ ದನಗಳು ತಿಂದ ಒಣ ಆಹಾರದಲ್ಲಿ ಶೇಕಡಾ 1ರಿಂದ 18ರವರೆಗೂ, ಕುರಿಗಳಲ್ಲಿ ಶೇಕಡಾ 30ರವರೆಗೂ ಮಣ್ಣೇ ಇದ್ದುದು ಕಂಡುಬಂದಿದೆ. ಹುಲ್ಲು ಸಮೃದ್ಧವಾಗಿರುವಾಗ ಈ ಪ್ರಮಾಣ ಕಡಿಮೆ. ಹುಲ್ಲು ಸವೆದಷ್ಟೂ ಹೆಚ್ಚು.

ಮೂವತ್ತು ಕಿಲೋ ತೂಗುವ ಕುರಿಯೊಂದು ದಿನಕ್ಕೆ ಸುಮಾರು ಒಂದು ಕಿಲೋ ಒಣಮೇವಿನಷ್ಟು ತಿನ್ನುತ್ತದೆ. ಅದರಲ್ಲಿ ಹತ್ತನೆಯ ಒಂದು ಪಾಲು ಮಣ್ಣೆಂದಿಟ್ಟುಕೊಂಡರೂ, ಮೇಲೆ ಹೇಳಿದ ಗುಂಟೆಯಲ್ಲಿ ಮೇದರೆ ದಿನಕ್ಕೆ 90 ಮಿಲಿಗ್ರಾಂ ಸೀಸ ಹೊಟ್ಟೆಗೆ ಹೋಗುತ್ತದೆ. ಬೇಸಗೆಯ ಕೊನೆಯಲ್ಲಿ ಅದರ ಮೂರು ಪಟ್ಟು. ಬೆಳೆದ ಕುರಿಯ ಕರುಳು ಇದರಲ್ಲಿ ಕೆಲವೇ ಪ್ರತಿಶತವನ್ನು ಹೀರಿಕೊಂಡು ಉಳಿದುದನ್ನು ಹಿಕ್ಕೆಯಲ್ಲಿ ಹೊರಹಾಕುತ್ತದೆಂಬುದು ಸಮಾಧಾನದ ಸಂಗತಿ. ಆದರೆ ಹೀರಿದ ಅಲ್ಪವೂ ಮೂಳೆಯಲ್ಲಿ ಸೇರುತ್ತ ಹೋಗುತ್ತದೆ. ಹಾಲು ಕುಡಿಯುವ ಮರಿಗಳ ಕರುಳು ಬೆಳೆದವುಗಳಿಗಿಂತ ಬಹಳ ಹೆಚ್ಚು ಹೀರುತ್ತದೆ.

ಅಣಶಿಯಲ್ಲಿ ಕುರಿಗಳೆಲ್ಲಿವೆ ಎಂದು ಸದಸ್ಯರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಘಟ್ಟದ ನೆತ್ತಿಯ ಮಳೆ ಕುರಿಗೆ ಒಗ್ಗದು. ಗೊರಸು ಕೊಳೆಯುತ್ತದೆ, ಉಣ್ಣೆ ಒಣಗುವುದೇ ಇಲ್ಲ. ಅಲ್ಲಿ ಮೇಯುವುದು ಮಲೆನಾಡು ಗಿಡ್ಡ ದನ, ಎಮ್ಮೆ, ಅಲ್ಲೊಂದು ಇಲ್ಲೊಂದು ಆಡು. ಆದರೆ ಪೂರ್ವಕ್ಕೆ ಇಳಿದಂತೆ, ಹಳಿಯಾಳ ಮತ್ತು ಮುಂಡಗೋಡಿನ ಬಯಲಿನ ಅಂಚಿನಲ್ಲಿ ಕುರಿಮಂದೆ ಕಾಣಸಿಗುತ್ತದೆ. ಸುಗ್ಗಿ ಮುಗಿದ ಗದ್ದೆಗಳಿಗೆ ಬಯಲುಸೀಮೆಯ ಕುರಿಗಾರರು ಬರುತ್ತಾರೆ; ರೈತರು ಗೊಬ್ಬರಕ್ಕಾಗಿ ಮಂದೆಯನ್ನು ಹೊಲದಲ್ಲಿ ತರುಬಿಸಿಕೊಳ್ಳುತ್ತಾರೆ. ಅವರು ಬರುವ ಕಾಲವೇ ಹುಲ್ಲು ಸವೆಯುವ ಕಾಲ. ಹೊರಗಿನಿಂದ ಬಂದವರಿಗೆ ಯಾವ ಬೇಲಿಯ ಬುಡದಲ್ಲಿ ಏನು ಬಿದ್ದಿದೆಯೆಂಬುದು ತಿಳಿದಿರುವುದಿಲ್ಲ. ಮಂದೆಯಲ್ಲಿ ನಾಲ್ಕು ಕುರಿ ಕಂದು ಹಾಕಿದರೆ ಅವರು ಮುಂದಿನ ಊರಿಗೆ ನಡೆದುಬಿಡುತ್ತಾರೆ. ಕಾರಣ ಹಿಂದಿನ ಊರಿನಲ್ಲಿಯೇ ಉಳಿಯುತ್ತದೆ.

ಸೀಸದ ನೆಲದಲ್ಲಿ ಮೇಯುವ ಕುರಿಗೆ ಏನಾಗುತ್ತದೆಂಬುದನ್ನು ಹೆಚ್ಚು ವಿವರವಾಗಿ ಬಲ್ಲವರು ಬ್ರಿಟನ್ನಿನ ರೈತರು. ಅಲ್ಲಿ ಸೀಸದ ಗಣಿಗಾರಿಕೆ ಶತಮಾನಗಳ ಕಾಲ ನಡೆದಿತ್ತು. ಡರ್ಬಿಶೈರ್ ಪ್ರಾಂತದಲ್ಲಿ ಗಣಿಯ ಧೂಳಿನಿಂದ ಪಶುಗಳಿಗೆ ತಗಲುವ ಕಾಯಿಲೆಗೆ ‘ಬೆಲಾಂಡ್’ ಎಂಬ ಊರಮಾತೇ ಹುಟ್ಟಿಕೊಂಡಿತ್ತು; ಬೆಲಾಂಡ್ ತಗಲಿದ ಹೊಲವೆಂದರೆ ಮೇಯಿಸಲು ಬಾರದ ಹೊಲ. ಗಣಿಗಳು ಮುಚ್ಚಿದ ಬಹುಕಾಲದ ನಂತರವೂ ಅಂತಹ ಪ್ರದೇಶಗಳ ಕುರಿಮರಿಗಳಲ್ಲಿ ಒಂದು ವಿಚಿತ್ರ ರೋಗ ಕಾಣಿಸಿಕೊಳ್ಳುತ್ತಿತ್ತು. ಹುಟ್ಟುವಾಗ ಚೆನ್ನಾಗಿದ್ದ ಮರಿಗಳು ಕೆಲವು ವಾರಗಳಲ್ಲಿ ಬಿಗಿದ ಕಾಲಿನಿಂದ ನಡೆಯತೊಡಗುತ್ತಿದ್ದವು. ಎಲುಬು ಟೊಳ್ಳಾಗಿ ಸಣ್ಣ ನೆಗೆತಕ್ಕೂ ಮುರಿಯುತ್ತಿತ್ತು. ಬೆನ್ನೆಲುಬು ಕುಸಿದ ಮರಿ ಹಿಂಗಾಲುಗಳನ್ನು ಎಳೆದುಕೊಂಡು ತಾಯಿಯ ಹಿಂದೆ ತೆವಳುತ್ತಿತ್ತು. 1950ರ ದಶಕದಲ್ಲಿ ಪಶುವೈದ್ಯ ವಿಜ್ಞಾನಿಗಳು ಈ ಮರಿಗಳನ್ನು ಅಧ್ಯಯನಕ್ಕೆ ಒಳಪಡಿಸಿದರು. ಕುರಿಗಳಲ್ಲಿ ಸೀಸದ ವಿಷವು ಹೀಗೆ ಮರಿಯ ಕಾಲಿನಲ್ಲಿ ಪ್ರಕಟವಾಗಬಹುದೆಂಬುದು ಈ ಭಾಗದ ಕುರಿಗಾರರಿಗೂ ತಿಳಿದಿರಬೇಕಾದ ಸಂಗತಿ. ಕುಂಟುವ ಮರಿಯನ್ನು ಕಂಡಾಗ ಯಾರಿಗೂ ಮಣ್ಣಿನ ನೆನಪು ಬರುವುದಿಲ್ಲ.

ಇನ್ನೊಂದು ಪ್ರಕರಣ ತೀರ ಈಚಿನದು. 2012ರ ಜೂನ್ ತಿಂಗಳಲ್ಲಿ ವೇಲ್ಸ್ ಪ್ರಾಂತದ ಪಶ್ಚಿಮ ಭಾಗದಲ್ಲಿ ನೆರೆ ಬಂದು, ಹಿಂದೆಂದೋ ಮುಚ್ಚಿದ ಗಣಿಗಳ ಹೂಳನ್ನು ನದಿಬದಿಯ ಹುಲ್ಲುಗಾವಲಿನ ಮೇಲೆ ಹರಡಿತು. ನೆರೆ ಇಳಿದ ಮೇಲೆ ಆ ಹುಲ್ಲನ್ನು ಕೊಯ್ದು ರಸಮೇವು ಮಾಡಿಟ್ಟು ತಿನ್ನಿಸಿದಲ್ಲಿ ದನಗಳು ಸೀಸದ ವಿಷದಿಂದ ಸತ್ತವು. ಹುಲ್ಲು ಹಸಿರಾಗಿಯೇ ಇತ್ತು. ಕಾಳಿಯ ಉಪನದಿಗಳ ದಡದಲ್ಲಿ ಮಳೆಗಾಲದ ಹೂಳು ಕುಳಿತ ಗದ್ದೆಯಂಚಿನ ಹುಲ್ಲನ್ನು ಕೊಯ್ಯುವವರು, ಮೇಲ್ಗಡೆ ಏನೇನು ಎಸೆಯಲ್ಪಟ್ಟಿದೆಯೆಂಬುದನ್ನು ಗಮನಿಸುವುದು ಒಳಿತು.

ಭಾರತದಲ್ಲಿಯೂ ಪುರಾವೆಗಳ ಕೊರತೆಯಿಲ್ಲ. ಇಜ್ಜತ್‌ನಗರದ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಸೀಸ–ಸತು ಕರಗಿಸುವ ಕಾರ್ಖಾನೆಯೊಂದರ ಬಳಿ ದನ–ಎಮ್ಮೆಗಳಲ್ಲಿ ಸೀಸದ ವಿಷವೇರಿದುದನ್ನು 2001ರಲ್ಲಿ ವರದಿ ಮಾಡಿದರು. 2005ರಲ್ಲಿ ಪ್ರಕಟವಾದ ಅವರ ಇನ್ನೊಂದು ಅಧ್ಯಯನವು ಕರೆಯುವ ಹಸುಗಳ ರಕ್ತದಲ್ಲಿ ಸೀಸ ಹೆಚ್ಚಿದಂತೆ ಹಾಲಿಗೂ ಅದು ಇಳಿಯುತ್ತದೆಂಬುದನ್ನು ತೋರಿಸಿತು. ಕರ್ನಾಟಕದಲ್ಲಿ ವೃಷಭಾವತಿಯ ಕೊಳಚೆ ನೀರು ಸೇರುವ ಬೈರಮಂಗಲ ಕೆರೆಯ ಅಚ್ಚುಕಟ್ಟಿನಲ್ಲಿ ಮೇವಿನ ಹುಲ್ಲು ಬೆಳೆದು ಹೈನುಗಾರಿಕೆ ನಡೆಯುತ್ತಿರುವುದೂ, ಅಲ್ಲಿಯ ನೀರು–ಮಣ್ಣುಗಳಲ್ಲಿ ಭಾರಲೋಹಗಳು ದಾಖಲಾಗಿರುವುದೂ ತಿಳಿದ ವಿಷಯ. ಅಲ್ಲಿ ಹಾಳಾದುದು ಒಂದು ಮಹಾನಗರದ ಕೊಳಚೆಯಿಂದ. ಇಲ್ಲಿ ಹಾಳಾಗುವುದಾದರೆ ಮನೆಗೊಂದರಂತೆ ಇರುವ ಪೆಟ್ಟಿಗೆಯಿಂದ. ಆದುದರಿಂದ ತಡೆಯುವುದೂ ಮನೆಯ ಮಟ್ಟದಲ್ಲಿ ಸಾಧ್ಯವಿದೆ.

ದನ–ಎಮ್ಮೆಗಳ ಸ್ಥಿತಿ ಕುರಿಗಿಂತ ಭಿನ್ನ. ಅವು ಮಣ್ಣಿಗಾಗಿ ಕಾಯುವುದಿಲ್ಲ, ಬ್ಯಾಟರಿಯನ್ನೇ ನೆಕ್ಕುತ್ತವೆ. ಒಡೆದ ಫಲಕದ ಮೇಲೆ ಕುಳಿತ ಲವಣದ ರುಚಿ ಅವುಗಳನ್ನು ಸೆಳೆಯುತ್ತದೆ. ಮಳೆಯಲ್ಲಿ ಸಾರ ತೊಳೆದುಹೋದ ಮಣ್ಣಿನ ಹುಲ್ಲನ್ನೇ ತಿಂದು ಬದುಕುವ ದನಗಳಲ್ಲಿ ರಂಜಕ, ಸುಣ್ಣದ ಅಂಶಗಳ ಕೊರತೆಯಿರುತ್ತದೆ. ಅಂತಹವು ಎಲುಬು, ಬಟ್ಟೆ, ಚರ್ಮಗಳನ್ನು ಅಗಿಯುವುದನ್ನು ಎಲ್ಲರೂ ಕಂಡಿದ್ದಾರೆ. ಆಹಾರದಲ್ಲಿ ಈ ಖನಿಜಗಳು ಕಡಿಮೆಯಾದಷ್ಟೂ ಕರುಳು ಸೀಸವನ್ನು ಹೆಚ್ಚು ಹೀರುತ್ತದೆ. ಎಂದರೆ ಬಡ ಹುಲ್ಲಿನ ನಾಡಿನಲ್ಲಿ ಬ್ಯಾಟರಿಯು ಎರಡು ರೀತಿಯಿಂದ ಅಪಾಯಕಾರಿ. ಖನಿಜ ಮಿಶ್ರಣವನ್ನೂ ನೆಕ್ಕುವ ಇಟ್ಟಿಗೆಯನ್ನೂ ಕೊಟ್ಟಿಗೆಯಲ್ಲಿ ಒದಗಿಸುವುದು ಹಾಲಿಗಾಗಿ ಮಾತ್ರವಲ್ಲದೆ ಈ ಕಾರಣಕ್ಕಾಗಿಯೂ ಅಗತ್ಯ.

ನೆಕ್ಕಿದ ದನದಲ್ಲಿ ಲಕ್ಷಣಗಳು ಒಂದೆರಡು ದಿನಗಳಲ್ಲಿಯೇ ತಲೆದೋರಬಹುದು. ಕಣ್ಣು ಕಾಣದಾಗುತ್ತದೆ; ಗೋಡೆಗೋ ಮರಕ್ಕೋ ತಲೆಯೊತ್ತಿ ನಿಲ್ಲುತ್ತದೆ; ಸುತ್ತು ತಿರುಗುತ್ತದೆ; ಹಲ್ಲು ಕಡಿಯುತ್ತದೆ; ಜೊಲ್ಲು ಸುರಿಸುತ್ತದೆ; ಕಿವಿ, ಕಣ್ಣುರೆಪ್ಪೆಗಳು ಅದುರುತ್ತವೆ; ಕೊನೆಗೆ ಸೆಳವು ಬಂದು ಬೀಳುತ್ತದೆ. ಕುರಿಯಲ್ಲಿ ಇಷ್ಟೊಂದು ಅಬ್ಬರವಿಲ್ಲ. ಮಂಕಾಗಿ ಮಂದೆಯಿಂದ ಹಿಂದೆ ಉಳಿಯುತ್ತದೆ, ಮೆಲುಕು ನಿಲ್ಲುತ್ತದೆ, ಹೊಟ್ಟೆ ಕಟ್ಟಿ ಅನಂತರ ಬೇಧಿಯಾಗುತ್ತದೆ, ರಕ್ತಹೀನತೆಯಿಂದ ಕಣ್ಣಿನ ಒಳಪೊರೆ ಬಿಳಿಚುತ್ತದೆ, ಗಬ್ಬದ ಕುರಿ ಕಂದು ಹಾಕುತ್ತದೆ. ಇವನ್ನು ಜಂತು, ಕರುಳು ಬೇನೆ ಎಂದು ತಿಳಿಯುವುದು ಸಹಜ.

ಇಲ್ಲಿ ಒಂದು ಎಚ್ಚರಿಕೆಯನ್ನು ಬಿಡುವಂತಿಲ್ಲ. ಜೊಲ್ಲು ಸುರಿಸುತ್ತ ಹುಚ್ಚೆದ್ದಂತೆ ವರ್ತಿಸುವ ದನವನ್ನು ಕಂಡಾಗ ಮೊದಲು ಶಂಕಿಸಬೇಕಾದುದು ಹುಚ್ಚುನಾಯಿ ರೋಗವನ್ನೇ. ಬಾಯಿಗೆ ಕೈ ಹಾಕಬಾರದು. ಗೊಟ್ಟದಲ್ಲಿ ಔಷಧಿ ಕುಡಿಸಲು ಹೋಗಬಾರದು. ಕಟ್ಟಿಹಾಕಿ ದೂರ ನಿಂತು ಪಶುವೈದ್ಯರಿಗೆ ಅಥವಾ 1962 ಸಂಖ್ಯೆಗೆ ಕರೆಮಾಡಬೇಕು. ಪಶುವೈದ್ಯರು ಬಂದಾಗ ರೈತನು ಹೇಳಬೇಕಾದ ಒಂದು ಮಾತು ಮಾತ್ರ ಸಾಮಾನ್ಯವಾಗಿ ಹೇಳದೆ ಉಳಿಯುತ್ತದೆ: ದನ ಮೇದ ಜಾಗದಲ್ಲಿ ಬ್ಯಾಟರಿ, ಬಣ್ಣದ ಡಬ್ಬಿ, ಗಾಡಿಯ ಹಳೆಯ ಎಣ್ಣೆ, ಕಸ ಸುಟ್ಟ ಬೂದಿ ಏನಾದರೂ ಇದೆಯೇ ಎಂಬುದು. ಆ ಮಾತು ದೊರೆತರೆ ಪಶುವೈದ್ಯರು ರಕ್ತದ ಮಾದರಿಯನ್ನು ಸೀಸದ ಪರೀಕ್ಷೆಗೆಂದೇ ಕಳುಹಿಸಬಲ್ಲರು. ಸತ್ತ ಪಶುವಾದರೆ ಯಕೃತ್ತು ಮತ್ತು ಮೂತ್ರಪಿಂಡದ ಮಾದರಿ ಬೇಕು. ರಕ್ತದಲ್ಲಿ ಹತ್ತು ಲಕ್ಷಕ್ಕೆ 0.35 ಭಾಗ, ಯಕೃತ್ತು ಅಥವಾ ಮೂತ್ರಪಿಂಡದಲ್ಲಿ 10 ಭಾಗ ಸೀಸವಿದ್ದರೆ ಅದು ಸೀಸದ ವಿಷವೇ ಎನ್ನಲು ಆಧಾರ ದೊರೆತಂತೆ. ಇಂತಹ ಒಂದು ವರದಿಯಿಲ್ಲದೆ ಪಶುವು ‘ಗೊತ್ತಿಲ್ಲದ ರೋಗ’ದಿಂದ ಸತ್ತಿತೆಂದು ಬರೆದುಕೊಂಡರೆ ಬ್ಯಾಟರಿಯು ಬೇಲಿಯ ಬುಡದಲ್ಲಿಯೇ ಉಳಿದು ಇನ್ನೊಂದು ಪಶುವಿಗಾಗಿ ಕಾಯುತ್ತದೆ.

ಚಿಕಿತ್ಸೆಯಿದೆ, ಆದರೆ ಬೇಗ ದೊರೆಯಬೇಕು. ಸೀಸವನ್ನು ಹಿಡಿದು ಮೂತ್ರದಲ್ಲಿ ಹೊರಹಾಕುವ ಕ್ಯಾಲ್ಸಿಯಂ ಡೈಸೋಡಿಯಂ ಇಡಿಟಿಎ ಎಂಬ ಔಷಧಿಯನ್ನು ಥಯಾಮಿನ್ ಜೀವಸತ್ವದೊಡನೆ ಪಶುವೈದ್ಯರು ಚುಚ್ಚುಮದ್ದಾಗಿ ಕೊಡುತ್ತಾರೆ. ಹೊಟ್ಟೆಯಲ್ಲಿ ಉಳಿದ ಸೀಸ ಕರಗದಂತೆ ಮಾಡಲು ಮ್ಯಾಗ್ನೀಸಿಯಂ ಸಲ್ಫೇಟ್ ಕುಡಿಸುತ್ತಾರೆ. ಸೆಳವು ಆರಂಭವಾದ ಮೇಲೆ ಉಳಿಯುವವು ಕಡಿಮೆ. ಉಳಿದ ದನದ ವಿಷಯವೂ ಅಲ್ಲಿಗೆ ಮುಗಿಯುವುದಿಲ್ಲ. ನುಂಗಿದ ಲೋಹದ ಚೂರುಗಳು ಜೇನುಗೂಡಿನಂತಹ ಎರಡನೆಯ ಹೊಟ್ಟೆಯಲ್ಲಿ ಕುಳಿತು ತಿಂಗಳುಗಟ್ಟಲೆ ಸೀಸವನ್ನು ಬಿಡುತ್ತಲೇ ಇರುತ್ತವೆ. ಮೂಳೆಯಲ್ಲಿ ಸೇರಿದ ಸೀಸವು ಗಬ್ಬವಾದಾಗ, ಹಾಲು ಕೊಡುವಾಗ ಸುಣ್ಣದ ಅಂಶದೊಡನೆ ಮತ್ತೆ ರಕ್ತಕ್ಕೆ ಬರುತ್ತದೆ. ಹಾಲಿನಲ್ಲಿ ಸೀಸಕ್ಕೆ ಕೋಡೆಕ್ಸ್ ಅಂತರರಾಷ್ಟ್ರೀಯ ಆಹಾರ ಮಾನದಂಡವು ವಿಧಿಸಿರುವ ಮಿತಿ ಕಿಲೋಗೆ 0.02 ಮಿಲಿಗ್ರಾಂ. ಅಷ್ಟು ಕಟ್ಟುನಿಟ್ಟಾದ ಮಿತಿಯನ್ನು ಇಟ್ಟಿರುವುದು ಹಾಲು ಕುಡಿಯುವವರು ಮಕ್ಕಳಾದುದರಿಂದ. ಚೇತರಿಸಿಕೊಂಡ ಹಸುವಿನ ಹಾಲನ್ನು ಡೇರಿಗೆ ಹಾಕಬಹುದೇ, ಮನೆಯಲ್ಲಿ ಬಳಸಬಹುದೇ ಎಂಬುದನ್ನು ಪರೀಕ್ಷೆಯ ನಂತರ ಪಶುವೈದ್ಯರೇ ಹೇಳಬೇಕು. ಹಾಗೆಯೇ ಸೀಸದ ಶಂಕೆಯಿರುವ ಕುರಿಯನ್ನು ‘ಸಾಯುವ ಮೊದಲು’ ಕೊಯ್ದು ಹಂಚುವುದು, ಅದರಲ್ಲಿಯೂ ಯಕೃತ್ತು ಮತ್ತು ಮೂತ್ರಪಿಂಡವನ್ನು ತಿನ್ನುವುದು, ಸರ್ವಥಾ ಸಲ್ಲದು.

ಮಕ್ಕಳ ಮಾತು ಬಂದುದರಿಂದ ಬೆಂಗಳೂರಿನ ಒಂದು ಕೆಲಸವನ್ನು ನೆನೆಯಬೇಕು. 1990ರ ದಶಕದ ಕೊನೆಯಲ್ಲಿ ಜಾರ್ಜ್ ಫೌಂಡೇಶನ್ ಸಂಸ್ಥೆಯು ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರೊಡನೆ ದೇಶದ ಏಳು ನಗರಗಳಲ್ಲಿ ರಕ್ತಪರೀಕ್ಷೆ ನಡೆಸಿತು. ಹನ್ನೆರಡು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ, ಅಂದು ಅಪಾಯದ ಗೆರೆಯೆನಿಸಿದ್ದ ಪ್ರತಿ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚಿನ ಸೀಸವಿತ್ತು. 2000ದ ಫೆಬ್ರವರಿ 1ರಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲು ಮಾತ್ರ ಮಾರಾಟವಾಗತೊಡಗಿತು. 2017ರ ನವೆಂಬರಿನಿಂದ ಮನೆಗೆ ಬಳಿಯುವ ಬಣ್ಣದಲ್ಲಿ ಹತ್ತು ಲಕ್ಷಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸವಿರಬಾರದೆಂಬ ನಿಯಮ ಜಾರಿಗೆ ಬಂದಿತು. ಪೆಟ್ರೋಲು ಮತ್ತು ಬಣ್ಣದ ದಾರಿಗಳು ಹೀಗೆ ಬಹುಮಟ್ಟಿಗೆ ಮುಚ್ಚಿದವು. ಬ್ಯಾಟರಿಯ ದಾರಿ ಉಳಿದುಕೊಂಡಿದೆ. ಆಫ್ರಿಕದ ಸೆನೆಗಲ್ ದೇಶದ ಡಾಕರ್ ನಗರದ ಹೊರವಲಯದಲ್ಲಿ ಜನರು ಬ್ಯಾಟರಿ ಒಡೆದ ಜಾಗದ ಮಣ್ಣನ್ನು ಜರಡಿ ಹಿಡಿದು ಸೀಸ ಹೆಕ್ಕುತ್ತಿದ್ದರು. 2007ರ ನವೆಂಬರಿನಿಂದ 2008ರ ಮಾರ್ಚಿನವರೆಗೆ ಅಲ್ಲಿ 18 ಎಳೆಯ ಮಕ್ಕಳು ಸತ್ತರು. ಬೀಸುಬಲೆಯ ಅಂಚಿಗೆ ಕಟ್ಟುವ ಸೀಸದ ಮಣಿಗಾಗಿ ಹಳೆಯ ಫಲಕವನ್ನು ಅಂಗಳದ ಒಲೆಯಲ್ಲಿ ಕರಗಿಸುವ ಅಭ್ಯಾಸ ಯಾವ ಮನೆಯಲ್ಲಿದ್ದರೂ ಅದನ್ನು ಇಂದೇ ನಿಲ್ಲಿಸಬೇಕು. ಆ ಹೊಗೆಯೂ ಬೂದಿಯೂ ಮೊದಲು ಮುಟ್ಟುವುದು ಅಂಗಳದಲ್ಲಿ ಆಡುವ ಮಗುವನ್ನು. ಕೋಳಿ, ಕರು ಆಮೇಲೆ.

ಇನ್ನು ಪಂಚಾಯತಿಯ ಪಾಲಿನ ಕೆಲಸ. ಕಾನೂನಿನ ಮಾತು ಸಂಕ್ಷಿಪ್ತ. 2001ರ ಬ್ಯಾಟರಿ ನಿಯಮಗಳ ಬದಲಿಗೆ 2022ರ ಆಗಸ್ಟಿನಲ್ಲಿ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಂದಿವೆ. ಹಳೆಯ ಬ್ಯಾಟರಿಗಳನ್ನು ಹಿಂದೆ ಪಡೆದು ಅಧಿಕೃತ ಘಟಕದಲ್ಲಿ ಮರುಬಳಕೆ ಮಾಡಿಸುವ ಹೊಣೆ ಉತ್ಪಾದಕರದು. ಬೇರೆ ಕಸದೊಡನೆ ಬೆರೆಸದೆ ಪ್ರತ್ಯೇಕವಾಗಿ ಒಪ್ಪಿಸುವ ಹೊಣೆ ಬಳಕೆದಾರರದು. ಈ ಎರಡು ಹೊಣೆಗಳ ನಡುವೆ ಘಟ್ಟದ ಕಾಲುದಾರಿಯೊಂದಿದೆ. ನಿಯಮ ಬರೆದವರ ಕಣ್ಣಿಗೆ ಅದು ಬಿದ್ದಿರಲಾರದು. ಅದನ್ನು ದಾಟಿಸುವ ಸಾಮರ್ಥ್ಯ ಗ್ರಾಮ ಪಂಚಾಯತಿಗಲ್ಲದೆ ಬೇರಾರಿಗೂ ಇಲ್ಲ.

ಮಳೆಗಾಲಕ್ಕೆ ಮುನ್ನ, ಜೀಪು ಹೋಗುವ ದಾರಿಗಳು ತೆರೆದಿರುವಾಗ, ವರ್ಷಕ್ಕೊಮ್ಮೆ ಮಜರೆ ಮಜರೆಗೂ ವಾಹನ ಹೋಗಿ ಹಳೆಯ ಬ್ಯಾಟರಿಗಳನ್ನು ತರುವ ವ್ಯವಸ್ಥೆ ಸಾಧ್ಯವಿದೆ. ದಿನವನ್ನು ಗ್ರಾಮಸಭೆಯಲ್ಲಿ ಮೊದಲೇ ತಿಳಿಸಿದರೆ ಜನ ಬ್ಯಾಟರಿಯನ್ನು ಎಸೆಯದೆ ಇಟ್ಟುಕೊಳ್ಳುತ್ತಾರೆ. ಗುಜರಿಯ ಬೆಲೆ ಮನೆಯವರಿಗೇ ಸೇರಬೇಕು. ಅದನ್ನು ಪಂಚಾಯತಿಯ ಆದಾಯವೆಂದು ಜಮಾ ಮಾಡಿಕೊಂಡರೆ ಮರುವರ್ಷ ಒಂದು ಬ್ಯಾಟರಿಯೂ ಬಾರದು. ಸಣ್ಣ ಬ್ಯಾಟರಿಗಳನ್ನು ಕೂಡಿಹಾಕಿ ಒಟ್ಟಿಗೆ ತೂಗಿದಾಗ ಅವಕ್ಕೂ ಬೆಲೆ ಬರುತ್ತದೆ. ತಂದವುಗಳನ್ನು ಸ್ವಚ್ಛ ಸಂಕೀರ್ಣದ ಒಂದು ಬೀಗವಿರುವ ಮೂಲೆಯಲ್ಲಿ, ಸೋರದ ಪ್ಲಾಸ್ಟಿಕ್ ತಟ್ಟೆಯ ಮೇಲೆ, ಮೇಲ್ಮುಖವಾಗಿಯೇ ಇಡಬೇಕು. ಆಮ್ಲವನ್ನು ಚೆಲ್ಲಿ ಹಗುರ ಮಾಡಿ ಸಾಗಿಸುವುದು ರೂಢಿಯಲ್ಲಿರುವ ದೊಡ್ಡ ತಪ್ಪು. ಆ ಆಮ್ಲದಲ್ಲಿಯೇ ಸೀಸ ಕರಗಿಯೂ ತೇಲಿಯೂ ಇರುತ್ತದೆ. ಸೋರಿದರೆ ಸುಣ್ಣದ ಪುಡಿಯನ್ನು ಹರಡಿ, ಕೈಗವಸು ತೊಟ್ಟು ಬಳಿದು ಪ್ರತ್ಯೇಕವಾಗಿ ಇಡಬೇಕು. ಸ್ವಚ್ಛತಾ ಕೆಲಸದ ಮಹಿಳೆಯರ ಕೈಗೆ ಕೈಗವಸಿಲ್ಲದೆ ಈ ಕೆಲಸವನ್ನು ಒಪ್ಪಿಸುವುದು ಸಲ್ಲದು. ಒಡೆದು ಬಿಡಿಭಾಗ ಕೊಳ್ಳುವ ವ್ಯಾಪಾರಿಗಿಂತ ಇಡಿಯಾಗಿ ಒಯ್ದು ಅಧಿಕೃತ ಘಟಕಕ್ಕೆ ಮುಟ್ಟಿಸಿ ರಸೀದಿ ಕೊಡುವವನು ಎರಡು ರೂಪಾಯಿ ಕಡಿಮೆ ಕೊಟ್ಟರೂ ಮೇಲು.

ಹೂಳಿಬಿಡುವ ಸಲಹೆ ಸಭೆಗಳಲ್ಲಿ ಬರುವುದುಂಟು. ಹೂಳಿದ ಬ್ಯಾಟರಿ ಕಣ್ಣಿಗೆ ಮರೆಯಾಗುತ್ತದೆ, ಅಷ್ಟೆ; ಹತ್ತು ವರ್ಷದ ನಂತರ ಅಗಳ ತೋಡುವವನ ಗುದ್ದಲಿಗೆ ಅದು ಸಿಗುತ್ತದೆ. ಈಗಾಗಲೇ ಬ್ಯಾಟರಿ ಕೊಳೆತು ಬಿದ್ದಿರುವ ಜಾಗ ಕಂಡುಬಂದರೆ ಅದರ ಸುತ್ತ ಮುಳ್ಳುಬೇಲಿ ಹಾಕಿ ಮೇವು ನಿಲ್ಲಿಸಬೇಕು. ಅಲ್ಲಿಯ ಹುಲ್ಲನ್ನು ಕೊಯ್ಯಬಾರದು, ಕರಡವನ್ನೂ ಒಯ್ಯಬಾರದು, ಸೊಪ್ಪು–ದರಕನ್ನು ಕೊಟ್ಟಿಗೆಗೆ ಹಾಸಬಾರದು, ಏಕೆಂದರೆ ಅದು ಗೊಬ್ಬರಗುಂಡಿಯ ಮೂಲಕ ತೋಟಕ್ಕೆ ಹೋಗುತ್ತದೆ. ಮಣ್ಣನ್ನು ತೆಗೆಸುವ, ಪರೀಕ್ಷಿಸುವ ಕೆಲಸವನ್ನು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾರ್ಗದರ್ಶನದಲ್ಲಿ ಮಾಡಿಸಬೇಕು. ಅರಣ್ಯದೊಳಗಿನ ಜಾಗವಾದರೆ ಅರಣ್ಯ ಇಲಾಖೆಗೆ ತಿಳಿಸದೆ ಮುಟ್ಟುವಂತಿಲ್ಲ. ಅದೇ ಹುಲ್ಲನ್ನು ರಾತ್ರಿ ಮೇಯುವುದು ಕಡವೆ ಮತ್ತು ಕಾಡೆಮ್ಮೆ.

ಗೋಮಾಳಗಳ ಅಳತೆಗೂ ಈ ವಿಷಯಕ್ಕೂ ಸಂಬಂಧವಿದೆ. ನೂರು ದನಗಳಿಗೆ ಮೂವತ್ತು ಎಕರೆ ಗೋಮಾಳವೆಂದು 1966ರ ಕರ್ನಾಟಕ ಭೂ ಕಂದಾಯ ನಿಯಮಗಳು ಹೇಳುತ್ತವೆ. ಮೇಯುವ ನೆಲ ಕಿರಿದಾದಷ್ಟೂ ಹುಲ್ಲು ಗಿಡ್ಡವಾಗುತ್ತದೆ. ಹುಲ್ಲು ಗಿಡ್ಡವಾದಷ್ಟೂ ಕುರಿಯ ಬಾಯಿಗೆ ಮಣ್ಣು ಹೆಚ್ಚಾಗಿ ಹೋಗುತ್ತದೆ. ಒತ್ತುವರಿಯಾದ ಗೋಮಾಳದಲ್ಲಿ ಸೀಸವು ಅಲ್ಪವಿದ್ದರೂ ಹೆಚ್ಚು ಕೆಡುಕು ಮಾಡುತ್ತದೆ. ಹೊರಗಿನಿಂದ ಬರುವ ಕುರಿಗಾರರಿಗೆ ಮಂದೆ ಬಿಡಲು ಜಾಗ ತೋರಿಸುವಾಗ, ಬೇಲಿ ಹಾಕಿದ ಜಾಗವನ್ನೂ ತೋರಿಸಿ ಹೇಳುವುದು ಆಯಾ ವಾರ್ಡಿನ ಸದಸ್ಯರಿಂದ ಆಗಬಹುದಾದ ಕೆಲಸ.

ಎಲ್ಲಕ್ಕೂ ಮೊದಲು ಬೇಕಾದುದು ಒಂದು ವಹಿ: ಯಾರ ಮನೆಯಲ್ಲಿ, ಯಾವ ಬೇಲಿಯಲ್ಲಿ, ಎಷ್ಟು ತೂಕದ ಬ್ಯಾಟರಿ, ಕೊಂಡ ವರ್ಷ ಯಾವುದು, ಹಳೆಯದನ್ನು ಯಾರಿಗೆ ಒಪ್ಪಿಸಲಾಯಿತು. ಗ್ರಾಮದಲ್ಲಿ ಅತಿ ಹೆಚ್ಚು ಬ್ಯಾಟರಿಗಳ ಒಡೆತನವಿರುವುದು ಬಹುಶಃ ಪಂಚಾಯತಿಗೇ. ಸೌರ ಬೀದಿದೀಪದ ಕಂಬಗಳು, ಕಚೇರಿಯ ಇನ್ವರ್ಟರು, ಅರಿವು ಕೇಂದ್ರದ ಯುಪಿಎಸ್, ಶಾಲೆ–ಅಂಗನವಾಡಿಗಳ ದೀಪಗಳು, ಇವೆಲ್ಲ ಅದರ ಲೆಕ್ಕಕ್ಕೇ ಬರುತ್ತವೆ. ಹಿಂದಿನ ಸಲ ಬದಲಾಯಿಸಿದ ಬೀದಿದೀಪದ ಬ್ಯಾಟರಿಗಳು ಈಗ ಎಲ್ಲಿವೆ ಎಂಬುದಕ್ಕೆ ಕಡತದಲ್ಲಿ ಉತ್ತರವಿರಬೇಕು. ಮುಂದಿನ ಖರೀದಿಯ ಟೆಂಡರಿನಲ್ಲಿ ಹಳೆಯದನ್ನು ಎಣಿಸಿ ಹಿಂದಕ್ಕೊಯ್ಯುವ ಷರತ್ತನ್ನು ಸೇರಿಸಬೇಕು. ಒಯ್ದ ರಸೀದಿ ಬಾರದೆ ಬಿಲ್ಲು ಪಾವತಿಸಬಾರದು. ವಹಿಯ ಮೊದಲ ಸಾಲಿನಲ್ಲಿ ಪಂಚಾಯತಿ ಕಚೇರಿಯ ಇನ್ವರ್ಟರಿನ ಬ್ಯಾಟರಿಯನ್ನು ಬರೆಯಬಹುದು.